ಬೀಳುವ ಕಟ್ಟಡ

ಸಂಘದ ಸಭೆಯಲ್ಲಿ ಎಲ್ಲರ ಕಣ್ಣೂ ಜಲಜಾಕ್ಷಮ್ಮನ ಮೇಲಿತ್ತು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು ಉಳಿದ ಮನೆಯವರೆಲ್ಲ ಒಪ್ಪಿದ್ದರು. ನೆಲಮಹಡಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಇವರೊಬ್ಬರೇ ಸಹಿ ಹಾಕಿರಲಿಲ್ಲ.

"ಇವತ್ತೋ ನಾಳೆಯೋ ಬೀಳತ್ತೆ ಕಣ್ರೀ ಇದು!" ಕಾರ್ಯದರ್ಶಿ ಮೇಜು ಗುದ್ದಿದರು. "ನಿಮ್ಮೊಬ್ಬರ ಹಟಕ್ಕೆ ನಾವೆಲ್ಲ ಸಾಯಬೇಕಾ?"

"ಬಿಲ್ಡರ್ ಬರೋವರೆಗೂ ಗಟ್ಟಿಯಾಗೇ ಇತ್ತಲ್ಲ?"

"ಏನು ಕೊಬ್ಬು ನೋಡಿ!" ಹಿಂದಿನಿಂದ ಯಾರೋ ಕೂಗಿದರು. "ನೀರು ನಿಲ್ಸಿ ಸಾರ್, ತಾನಾಗೇ ದಾರಿಗೆ ಬರ್ತಾಳೆ."

"ನಿಲ್ಸಿ. ಆದ್ರೆ ಬೀಳತ್ತೆ ಅನ್ನೋಕೆ ಏನ್ರೀ ಸಾಕ್ಷಿ?" ಜಲಜಾಕ್ಷಮ್ಮ ಜಗ್ಗಲಿಲ್ಲ.

"ನಾನೇ ಸಾಕ್ಷಿ." ಕಾರ್ಯದರ್ಶಿಯ ದನಿ ನಡುಗಿತು. "ಮಲಗಿದ್ರೆ ಸೂರು ಎದೆ ಮೇಲೆ ಬಿದ್ದ ಹಾಗಾಗೋದು. ಹೆಂಡ್ತಿ ಮಕ್ಕಳ ಜೀವ ಮುಖ್ಯ ಅಂತ ಹೋದ ವಾರ ಖಾಲಿ ಮಾಡ್ಕೊಂಡು ಹೋದೆ. ಸ್ವಂತ ಮನೆ ಬಿಟ್ಟು! ಇನ್ನೇನು ಬೇಕು ನಿಮಗೆ?"

ಜಲಜಾಕ್ಷಮ್ಮ ತಲೆ ತಗ್ಗಿಸಿ ಪೆನ್ನಿಗೆ ಕೈಚಾಚಿದರು.

ಅಷ್ಟರಲ್ಲಿ, ಯಾರೂ ನೋಡಿರದ ಹೆಂಗಸೊಬ್ಬಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಒಳಬಂದಳು. ನೇರ ಕಾರ್ಯದರ್ಶಿಯ ಮುಂದೆ ನಿಂತು ಸ್ಟೀಲ್ ಲೋಟ ಚಾಚಿದಳು.

"ತಗೊಳ್ಳಿ ಸಾರ್, ನಿಮ್ಮನೇಲಿ ಈಗ ತಾನೆ ಹಾಲು ಉಕ್ಕಿಸಿದ್ವಿ. ಮೊದಲು ಓನರ್‌ಗೆ ಕೊಟ್ಟು ಬಾ ಅಂದ್ರು ನಮ್ಮತ್ತೆ."