ಮನಿ ಉಪ್ಪು, ಮನಿ ಬೆಲ್ಲ

ನರ್ಸ್ ರುದ್ರವ್ವ ವಾಂತಿಭೇದಿಗೆ ಕೊಡುವ ಪುಡಿ ತೆಗೆಯಲು ಚೀಲದ ಬಾಯಿ ಬಿಚ್ಚುತ್ತಲೇ ಸ್ಪಿರಿಟ್ಟಿನ ವಾಸನೆ ಹೊರಬಿತ್ತು. ಚಿಕ್ಕವಳಿದ್ದಾಗ ಸಿಡುಬಿನ ಲಸಿಕೆ ಹಾಕುವವರು ಬಂದರೆ ಇದೇ ವಾಸನೆಗೆ ಹೆದರಿ ಅವಳು ಕಣಜದ ಹಿಂದೆ ಅಡಗುತ್ತಿದ್ದಳು. ಈಗ ಬಿಜ್ಜರಗಿಯ ಈ ಮನೆಯ ಬಾಗಿಲಿಗೆ ಮುದುಕವ್ವ ಕುರಿ ಕಾಯುವ ಕೋಲು ಅಡ್ಡ ಹಿಡಿದು ನಿಂತಿದ್ದಳು. ಒಳಗೆ ಅವಳ ಮೊಮ್ಮಗ ಅಮೋಘಿ ವಾಂತಿಭೇದಿಯಿಂದ ಕಣ್ಣು ಗುಳಿಬಿದ್ದು ಮಲಗಿದ್ದ.

"ಆ ಪುಡಿ ಒಳಗ ತರಬ್ಯಾಡ ಬೇ. ಗಂಡಸ ಹುಡುಗರಿಗೆ ಅದನ್ನ ಕುಡಿಸಿ ವಂಶಾನ ನಿಲ್ಲಸ್ತಾರಂತ. ಆಪರೇಶನ್ನಿಗೆ ಗಂಡಸರನ್ನ ಹಿಡಕೊಂಡು ಹೋಗೋ ಜೀಪ್ ಎಲ್ಲಿ ಮುಚ್ಚಿಟ್ಟು ಬಂದಿ?"

"ಜೀಪ್ ಎಲ್ಲೈತಿ ಯವ್ವಾ? ಟಿಕೋಟಾ ಬಸ್ಸು ಕೆಟ್ಟು ನಿಂತೈತಿ, ನಡಕೋತ ಬಂದೇನಿ. ನನ್ನ ಕಾಲರೆ ನೋಡ್ರಿ."

ಮುದುಕವ್ವ ಧೂಳು ಮೆತ್ತಿದ ಕಾಲುಗಳನ್ನು ನೋಡಿದಳು. ಕೋಲು ಮಾತ್ರ ಕದಲಲಿಲ್ಲ.

ರುದ್ರವ್ವ ಚೀಲ ಮುಚ್ಚಿ ಅಂಗಳದ ಬೇವಿನ ಟೊಂಗೆಗೆ ನೇತುಹಾಕಿ ಬರಿಗೈಯಲ್ಲಿ ಮರಳಿದಳು. "ನಿಮ್ಮ ಮನಿ ಉಪ್ಪು, ನಿಮ್ಮ ಮನಿ ಬೆಲ್ಲ, ನೀವ ಕಾಸಿ ಆರಿಸಿದ ನೀರು. ನಿಮ್ಮ ಕೈಲೆ ಕಲಸ್ರಿ, ನಾ ಮುಟ್ಟಂಗಿಲ್ಲ. ಕಣ್ಣೀರಿಗಿಂತ ಉಪ್ಪಾಗಬಾರದು, ಅಷ್ಟ." ಮುದುಕವ್ವ ರುದ್ರವ್ವನ ಕೈಗಳ ಮೇಲೆಯೇ ಕಣ್ಣಿಟ್ಟು ನೀರು ಕಲಸಿದಳು, ಮೊದಲು ತಾನು ಕುಡಿದಳು, ಆಮೇಲೆ ಹುಡುಗನಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಕಣ್ಣು ತೆರೆದು ಇನ್ನಷ್ಟು ಕೇಳಿದ.

ಪಕ್ಕದ ಹುಚ್ಚವ್ವನ ಮನೆಯಲ್ಲೂ ಕೂಸಿಗೆ ಇದೇ ಬೇನೆ. ರುದ್ರವ್ವ ಅತ್ತ ಹೊರಟಳು.

"ನೀ ಹೋಗಬ್ಯಾಡ. ನಿನ್ನ ನೋಡಿದ್ರ ಆಕಿ ಕದಾ ಹಾಕ್ಕೋತಾಳ. ನಾ ಹೋಗಿ ಮಾಡಿ ತೋರಸ್ತೀನಿ." ಮುದುಕವ್ವ ಎದ್ದಳು. ಹೋಗುವ ಮುನ್ನ ಎರಡು ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ರುದ್ರವ್ವನ ಕೈಗೆ ಕೊಟ್ಟಳು.