ವಾರ್ಡ್ ಕಚೇರಿಯ ಕುರ್ಚಿ

ವಿದೇಶಿ ರೂಟರ್‌ಗಳನ್ನೆಲ್ಲ ವಾರ್ಡ್ ಕಚೇರಿಗೆ ಒಪ್ಪಿಸಬೇಕೆಂದು ಸರ್ಕಾರ ಆದೇಶಿಸಿದ ದಿನವೇ ಗದಗಿನ ಕಸ್ತೂರವ್ವ ತನ್ನದನ್ನು ಕೊಟ್ಟು ಬಂದಿದ್ದಳು. ಮರುದಿನವೇ ಸ್ವದೇಶಿ ರೂಟರ್ ಮನೆಗೆ ಬರುತ್ತದೆ ಎಂದಿದ್ದರು, ಬರಲಿಲ್ಲ. ಅರವತ್ತು ದಾಟಿದ ಎಲ್ಲರಂತೆ ಅವಳ ಗಂಡ ಶಿವಲಿಂಗಪ್ಪನ ಎದೆಯಲ್ಲೂ ಹೃದಯ ನಡೆಸುವ ಯಂತ್ರವಿತ್ತು. ಅದು ದಿನಾ ಮನೆಯ ರೂಟರ್ ಮೂಲಕ ಆಸ್ಪತ್ರೆಗೆ ವರದಿ ಕಳಿಸಬೇಕು. ಮೂರು ದಿನ ತಪ್ಪಿದರೆ ನಿಧಾನವಾಗುತ್ತದೆ.

ಮೂರನೆಯ ಬೆಳಿಗ್ಗೆ ಅವಳು ಕಚೇರಿಗೆ ಹೋದಳು.

“ಆನ್‌ಲೈನ್ ಅರ್ಜಿ ಹಾಕ್ರೀ,” ಎಂದ ಗುಮಾಸ್ತ ಹಾಲಪ್ಪ.

“ರೂಟರ್ ನಿಮ್ಮ ಹತ್ರ ಐತಿ. ಅರ್ಜಿ ಏನ್ ಗಾಳ್ಯಾಗ ಹಾಕ್ಲೇನ್ರೀ?”

“ರೂಲ್ಸ್ ಹಂಗ ಐತಿ ಯವ್ವಾ.”

ಕಸ್ತೂರವ್ವ ಸೀದಾ ಮನೆಗೆ ಹೋಗಿ ಗಂಡನನ್ನು ಆಟೋದಲ್ಲಿ ಕರೆತಂದಳು. ಕಚೇರಿಯ ಸ್ವದೇಶಿ ರೂಟರ್ ಇದ್ದದ್ದು ಹಾಲಪ್ಪನ ಕುರ್ಚಿಯ ಮೇಲುಗಡೆ; ಅದರ ಸಿಗ್ನಲ್ ಆ ಕುರ್ಚಿಯಾಚೆ ದಾಟುತ್ತಿರಲಿಲ್ಲ.

“ಏಳ್ರಿ ಮ್ಯಾಲೆ. ಇವರ ಎದಿ ವರದಿ ಹೋಗಬೇಕು.”

ಹಾಲಪ್ಪ ಎದ್ದ. ಶಿವಲಿಂಗಪ್ಪ ಕೂತ. ಸ್ವಲ್ಪ ಹೊತ್ತಿಗೆ ಅವನ ಎದೆಯ ಯಂತ್ರ ಸಣ್ಣಗೆ ಬೀಪ್ ಎಂದಿತು, ವರದಿ ಹೋಗಿತ್ತು. ಕಸ್ತೂರವ್ವನ ಕಣ್ಣು ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಆ ಕುರ್ಚಿಗಾಗಿ ಹದಿನೇಳು ಮುದುಕರು ಸಾಲುಗಟ್ಟಿದ್ದರು. ಹಾಲಪ್ಪ ಬಾಗಿಲಲ್ಲಿ ನಿಂತು ಟೋಕನ್ ಹಂಚುತ್ತಿದ್ದ. ಮೊದಲನೆಯದನ್ನು ತನ್ನ ತಾಯಿಗೆ ಕೊಟ್ಟಿದ್ದ.