ಕನ್ನಡಿಯ ಈಚೆ

ಗಾಜಿನ ಆಚೆಯ ಕೋಣೆಗೆ ಎಲ್ಲರಿಗಿಂತ ಕೊನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತವರು ಅವಳ ಅತ್ತೆ. ಹೆಡ್‌ಫೋನ್ ಕಿವಿಗೇರಿಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಪಕ್ಕದ ಮನೆಯವರ ಜೊತೆ ಸ್ವಲ್ಪ ಹೊರಗೆ ಹೋಗಿಬರುತ್ತೇನೆ ಎಂದಷ್ಟೇ ಅತ್ತೆ ಬೆಳಿಗ್ಗೆ ಹೇಳಿದ್ದರು. ಈಗ ಗೋಡೆಯ ದೊಡ್ಡ ಕನ್ನಡಿಯಲ್ಲಿ ನೋಡಿಕೊಂಡು, ಕಿವಿಯ ಮೇಲೆ ಜಾರಿದ ಬಿಳಿಕೂದಲನ್ನು ಹಿಂದಕ್ಕೆ ಸರಿಸಿಕೊಂಡರು. ಆ ಕನ್ನಡಿಯ ಈಚೆ ಕತ್ತಲಲ್ಲಿ ಕುಳಿತಿದ್ದ ಸೊಸೆಯ ಕೈ ತಾನಾಗಿಯೇ ತನ್ನ ಕೂದಲಿಗೆ ಹೋಯಿತು.

ಆಚೆಯವರು ಆಡಿದ್ದನ್ನು ಆಡಿದ ಹಾಗೆಯೇ ಬರೆದುಕೊಳ್ಳುವುದು ಅವಳ ಕೆಲಸ. ಈಚೆ ಕತ್ತಲಿರುವವರೆಗೆ ಆಚೆಯವರಿಗೆ ನಡುವಿನ ಗಾಜು ಕನ್ನಡಿ. ಈಚೆ ದೀಪ ಹಾಕಿದರೆ ಬರೀ ಕಿಟಕಿ. ಹಾಗಾಗಿ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚಿದ್ದರು. ಅದನ್ನು ಕಿತ್ತವರು ಮಾರನೆಯ ದಿನ ಕೆಲಸಕ್ಕೆ ಬರಬೇಕಾಗಿಲ್ಲ ಎಂದು ಮೇಲಧಿಕಾರಿ ನಗುನಗುತ್ತಲೇ ತಿಳಿಸಿದ್ದರು. ದೇಶದೇಶಗಳಿಗೆ ಸಾಲ ಕೊಡುವ ದೊಡ್ಡ ಬ್ಯಾಂಕೊಂದಕ್ಕೆ ತನ್ನ ಕೆಲಸದ ಬಗ್ಗೆ ಇಲ್ಲಿನ ಜನ ಏನೆನ್ನುತ್ತಾರೆಂದು ತಿಳಿಯಬೇಕಿತ್ತು. ಇವತ್ತಿನ ಮಾತು, ನೆರೆ ತಡೆಯಲೆಂದು ಅದರ ಸಾಲದಲ್ಲಿ ಎದ್ದ ಹೊಳೆಗೋಡೆಯದು.

ಆ ಗೋಡೆಗೆ ಜಾಗ ಬಿಟ್ಟ ಬೀದಿಯಲ್ಲಿ ಅವರ ಮನೆಯೂ ಇತ್ತು. ಬದಲಿಗೆ ಎಂಟನೇ ಮಹಡಿಯಲ್ಲಿ ಮನೆ ಸಿಕ್ಕಿತು, ಗಾಳಿ ಸಿಕ್ಕಿತು. ಅತ್ತೆಯ ಮಾತು ಮಾತ್ರ ಲಿಫ್ಟ್ ಹತ್ತಲಿಲ್ಲ. ಕೇಳಿದ್ದಕ್ಕೆಲ್ಲ 'ನೀವು ಹೇಳಿದ ಹಾಗೆ' ಎನ್ನುತ್ತಿದ್ದರು. ಅಮ್ಮ ಇಲ್ಲಿ ಬಾಡುತ್ತಿದ್ದಾಳೆ, ಅಕ್ಕನ ಊರಿಗೆ ಹೋಗಿರಲಿ ಎಂದು ಗಂಡ ತೀರ್ಮಾನಿಸಿದಾಗಲೂ ಬಂದದ್ದು ಅದೇ ಉತ್ತರ. ನಾಳೆ ಬೆಳಿಗ್ಗೆ ಕಾರು ಬರುತ್ತದೆ. 'ಹೋಗಬೇಡಿ' ಎಂಬುದು ಎಷ್ಟೋ ಸಲ ಅವಳ ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗಿತ್ತು. ತಾಯಿ ಮಗನ ನಡುವೆ ಬಾಯಿ ಹಾಕುವುದು ಹೇಗೆ? ಅವರಿಗೇ ಹೋಗುವ ಮನಸ್ಸಿದ್ದರೆ? ಮಾತನ್ನು ತೂಗಿ ನೋಡುವುದರಲ್ಲೇ ದಿನಗಳು ಕಳೆದಿದ್ದವು.

ಆಚೆ ಮಾತು ಶುರುವಾಯಿತು. ಹಳದಿ ಬೆಳಕಿನಲ್ಲಿ ಎಲ್ಲರೂ ನೀರಿನಡಿಯಲ್ಲಿ ಕುಳಿತವರಂತೆ ಕಾಣುತ್ತಿದ್ದರು. ತುಟಿಗಳು ಅಲ್ಲೆಲ್ಲೋ ಅಲುಗುತ್ತಿದ್ದವು. ದನಿಗಳು ಅವಳ ಕಿವಿಯೊಳಗೇ ಹುಟ್ಟುತ್ತಿದ್ದವು. ಕನ್ನಡಿಯ ಹಿಂದೆ ಬರೆದುಕೊಳ್ಳುವವರಿದ್ದಾರೆ, ಸಂಕೋಚ ಬೇಡ ಎಂದು ಪ್ರಶ್ನೆ ಕೇಳುವ ಮೇಡಂ ಮೊದಲೇ ಹೇಳಿದರು. ಗುತ್ತಿಗೆದಾರ ಬ್ಯಾಂಕಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟು, ಇನ್ನೊಂದು ಗೋಡೆ ಕಟ್ಟಿಸಿದರೆ ಹನ್ನೊಂದು ಎಂದ. ಬೀದಿ ಖಾಲಿಯಾದ ಹಾಗೆ ತನ್ನ ಗಿರಾಕಿಗಳೂ ಖಾಲಿಯಾದರೆಂದು ಕ್ಷೌರದಂಗಡಿಯವನು ಗೊಣಗಿದ. ಅವಳ ಬೆರಳುಗಳು ಕೀಲಿಮಣೆಯ ಮೇಲೆ ತಮ್ಮಷ್ಟಕ್ಕೆ ಓಡುತ್ತಿದ್ದವು.

"ನೀವೇನಂತೀರಮ್ಮಾ?" ಎಂದರು ಮೇಡಂ. 'ನೀವು ಹೇಳಿದ ಹಾಗೆ' ಎಂದು ಸೊಸೆ ಆಗಲೇ ಅರ್ಧ ಟೈಪು ಮಾಡಿಬಿಟ್ಟಿದ್ದಳು.

"ಗೋಡೆ ಒಳ್ಳೇದೇ," ಎಂದರು ಅತ್ತೆ. "ಮೊದಲು ಮಳೆಗಾಲ ಬಂತೂಂದ್ರೆ ಪಾತ್ರೆ ಪಗಡೆಯೆಲ್ಲ ಅಟ್ಟಕ್ಕೆ, ಮಕ್ಕಳು ನಮ್ಮ ಹೆಗಲಿಗೆ. ಈಗ ಆ ಭಯ ಇಲ್ಲ. ಅಷ್ಟಕ್ಕೆ ಪೂರ್ತಿ ಅಂಕ ಕೊಡಿ, ಚೌಕಾಸಿ ಬೇಡ. ಆದರೆ ನಲವತ್ತು ವರ್ಷ ಆ ಹೊಳೆ ಸದ್ದು ಕೇಳ್ಕೊಂಡು ಮಲಗಿದವಳು ನಾನು. ಮೇಲೆ ಹೋದ್ಮೇಲೆ ಕಣ್ಣು ಮುಚ್ಚಿದರೆ ಬರೀ ಮೌನ. ಮನೆ ಕೊಟ್ಟರು, ನಿದ್ದೆ ಕೊಡೋಕೆ ಮರೆತರು."

"ಹಾಗಾದ್ರೆ ನಿದ್ದೆ?" ಮೇಡಂ ಕೇಳಿದರು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ನನ್ನ ಸೊಸೆ ರಾತ್ರಿ ಬಚ್ಚಲಲ್ಲಿ ಬಕೆಟ್ಟು ಓರೆಯಾಗಿಟ್ಟು, ನಲ್ಲೀನ ಒಂದೆಳೆ ಬಿಟ್ಟಿರ್ತಾಳೆ. ಆ ಸದ್ದಿಗೇ ನನಗೆ ಕಣ್ಣು ಹತ್ತೋದು. ನನಗೆ ಗೊತ್ತಿಲ್ಲಾಂತ ಅವಳ ಲೆಕ್ಕ. ನಲ್ಲಿ ಸೋರ್ತಿದೆ ಅಂತ ನನ್ನ ಮಗ ಎರಡು ಸಲ ಪ್ಲಂಬರನ್ನ ಕರೆಸಿದ. ನಲ್ಲಿ ಸರಿಯಾಗಿದೆ, ನಿಮ್ಮ ಕಿವಿ ತೋರಿಸಿಕೊಳ್ಳಿ ಅಂತ ಮಗನಿಗೇ ಅಂದ ಅವನು." ಆಚೆಯ ಕೋಣೆ ನಕ್ಕಿತು. ಈಚೆ ಅವಳು ಟೈಪು ಮಾಡುವುದು ನಿಂತಿತ್ತು.

ಬ್ಯಾಂಕಿಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಮೇಡಂ ವಿಷಯಕ್ಕೆ ಎಳೆದರು. ಅತ್ತೆ ಸೆರಗನ್ನು ಬೆರಳಿನಿಂದ ಬಿಡಿಸಿಕೊಂಡರು. "ಎಲ್ಲಾ ಆದ್ಮೇಲೆ ಕೇಳೋಕೆ ಬರ್ತಾರಲ್ಲ, ಮೊದಲೇ ಬರಲಿ. ನಮ್ಮನೇಲೂ ಅದೇ ಕತೆ. ನಾಳೆ ನನ್ನನ್ನ ಮಗಳ ಊರಿಗೆ ಕಳಿಸ್ತಾರೆ. ಯಾರಾದ್ರೂ ಇರು ಅಂದಿದ್ರೆ ಇರ್ತಿದ್ದೆ. ಯಾರೂ ಅನ್ನಲಿಲ್ಲ."

ಹೆಡ್‌ಫೋನಿನಲ್ಲಿ ಸದ್ದಡಗಿತು. ಎಲ್ಲೋ ಒಂದೆಳೆ ನೀರು ಬಕೆಟ್ಟಿನ ಮೈಗೆ ಜಾರುತ್ತಿರುವಂತೆ ಅವಳಿಗೆ ಕೇಳಿಸಿತು. ಆ ಸದ್ದಿನಲ್ಲೇ ತೇಲಿದವಳಂತೆ, ಹೆಡ್‌ಫೋನ್ ತೆಗೆಯದೆಯೇ ಎದ್ದಳು. ಅಂಟುಪಟ್ಟಿ ಕೀಳುವಾಗ ಒಂದು ಉಗುರು ಮುರಿಯಿತು, ನೋವು ತಿಳಿಯಲಿಲ್ಲ. ಸ್ವಿಚ್ಚು ಒತ್ತಿದಳು.

ಗುತ್ತಿಗೆದಾರ ಬೆಚ್ಚಿ ಕುರ್ಚಿ ಸಮೇತ ಹಿಂದೆ ಸರಿದ. ಮೇಡಂ ಎದ್ದು ನಿಂತರು. ಅತ್ತೆ ಮಾತ್ರ ಕದಲಲಿಲ್ಲ. ಇದುವರೆಗೆ ತಮ್ಮ ಮುಖವಿದ್ದ ಜಾಗದಲ್ಲಿ ಸೊಸೆಯ ಮುಖ ಮೂಡಿದ್ದನ್ನು, ಅದರ ಕೆನ್ನೆ ಒದ್ದೆಯಾಗಿದ್ದನ್ನು ತುಸುಹೊತ್ತು ನೋಡಿದರು. ಆಮೇಲೆ ಅವರ ತುಟಿ ಅಲುಗಿತು, ದನಿ ಅವಳ ಕಿವಿಯೊಳಗೇ ಹುಟ್ಟಿತು:

"ನಾಳೆ ರಾತ್ರಿಯಿಂದ ನಲ್ಲೀನ ಇನ್ನೊಂಚೂರು ಬಿಡೇ. ನನ್ನ ಕಿವಿ ಮೊದಲಿನ ಹಾಗಿಲ್ಲ."